ಫೋನ್ ಕ್ಲಾಸು, ಮನೆಪಾಠ, ಮಕ್ತಬ್: ಮಗಳ ಅರಬ್ಬಿ ಓದಿಗೆ ಒಗ್ಗಿದ್ದು ಯಾವುದು?

ನಮಗೆ ಒಗ್ಗಿದ್ದು ಗಲ್ಲಿ ಮಸೀದಿಯ ಮಕ್ತಬ್, ಅಂದರೆ ಮಕ್ಕಳಿಗೆ ಕುರಾನ್ ಓದೋದು ಕಲಿಸುವ ಪಾಠಶಾಲೆ. ಅದು ಗೊತ್ತಾಗೋದಕ್ಕೆ ಎರಡು ವರ್ಷ ಹಿಡಿಯಿತು.

ನಾವು ವಿಜಯಪುರದವರು, ಇರೋದು ಪುಣೆಯ ಕೊಂಢ್ವಾದಲ್ಲಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮಗಳಿಗೆ ಆರು ವರ್ಷ. ಅರಬ್ಬಿ ಅಕ್ಷರ ಕಲಿಸುವ ಮೊದಲ ಪುಸ್ತಕ ನೂರಾನಿ ಕಾಯಿದಾ ಆಗಷ್ಟೇ ಹಿಡಿದಿದ್ದಳು. ಮಕ್ತಬ್ ಮುಚ್ಚಿತು. ತಿಂಗಳಿಗೆ 600 ರೂಪಾಯಿ ಕೊಟ್ಟು ಝೂಮ್ ಕ್ಲಾಸಿಗೆ ಸೇರಿಸಿದೆ. ಓದು ನಿಲ್ಲಲಿಲ್ಲವಲ್ಲ ಅನ್ನುವ ಸಮಾಧಾನ ಇತ್ತು.

ತೊಡಕು ಶುರುವಾಗಿದ್ದು ಒಂದೇ ಅಕ್ಷರದಿಂದ. ಅರಬ್ಬಿಯಲ್ಲಿ 'ಕ' ಥರ ಕೇಳುವ ಅಕ್ಷರ ಎರಡು. ಕಾಫ್ ಕನ್ನಡದ ಕ ಇದ್ದ ಹಾಗೆ. ಇನ್ನೊಂದು ಕ್ವಾಫ್, ನಾಲಗೆಯ ಬುಡ ಹಿಂದಕ್ಕೆ ತಾಗಿ ದಪ್ಪಗೆ ಬರುತ್ತದೆ. ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಅದನ್ನು ಖ ಮಾಡಿಬಿಡುತ್ತೇವೆ. ಕಲಂ ಅನ್ನಲ್ಲ, ಖಲಂ ಅಂತೀವಿ. ಮಗಳೂ ಹಾಗೇ ಓದಿದಳು, ಝೂಮ್ ಕ್ಲಾಸಿನ ಉಸ್ತಾದರು (ಗುರುಗಳು) ತಿದ್ದಿದರು. ಆದರೆ ಅವರು ಅಷ್ಟು ಆಳದಿಂದ ಹೇಳಿದ್ದು ನಮ್ಮ ಫೋನಿನಲ್ಲಿ ಬರೀ 'ಕ' ಆಗಿ ಬಂತು. ಅವಳು ಅದನ್ನೇ ಹಿಡಿದಳು.

ಕುರಾನಿನ ಸೂರಾ (ಅಧ್ಯಾಯ) ಇಖ್ಲಾಸ್‌ನ ಮೊದಲ ಪದಕ್ಕೆ 'ಹೇಳು' ಅಂತ ಅರ್ಥ. ಅಲ್ಲಿ ಕ್ವಾಫ್ ಬದಲು ಕಾಫ್ ಬಂದರೆ 'ತಿನ್ನು' ಅಂತ ಆಗುತ್ತದೆ. ನಾಲ್ಕೇ ಆಯತ್‌ಗಳ (ವಾಕ್ಯಗಳ) ಸೂರಾ, ನಮಾಜಿನಲ್ಲಿ ದಿನಾ ಓದುವಂಥದ್ದು. ಮಗು ತಿಂಗಳುಗಟ್ಟಲೆ ಹಾಗೇ ಓದಿತು. ಕ್ಲಾಸಿನಲ್ಲಿ 20 ಮಕ್ಕಳು, ಎಲ್ಲರೂ ಮ್ಯೂಟ್. ಒಬ್ಬೊಬ್ಬರ ಸಬಕ್ (ಪಾಠ) ಕೇಳೋದಕ್ಕೆ ಒಂದೆರಡು ನಿಮಿಷ ಸಿಕ್ಕರೆ ಜಾಸ್ತಿ. ಉಸ್ತಾದರದ್ದು ತಪ್ಪು ಅನ್ನಲಾರೆ. ನಾನೂ ಖ ಅಂತಲೇ ಬೆಳೆದವಳು, ನನಗೂ ತಿಳಿಯಲಿಲ್ಲ. ಗೊತ್ತಾದ ದಿನ ಅಳುವೇ ಬಂತು.

ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದನ್ನೂ, ಪರದೆ ನೋಡಿಯೇ ಕಲಿತಳು. ಪರದೆಯಲ್ಲಿ ಮೊಣಕೈ ಕಾಣುತ್ತಿರಲಿಲ್ಲ. ಮಣಿಕಟ್ಟಿನವರೆಗೆ ತೊಳೆದು ಬಿಟ್ಟುಬಿಡುತ್ತಿದ್ದಳು.

ನಡುವೆ ಮೂರು ತಿಂಗಳು ಆಪಾ (ಕಲಿಸುವ ಅಕ್ಕ) ಒಬ್ಬರು ಮನೆಗೆ ಬಂದರು. ಕಲಿಸೋದು ಬಹಳ ಚೆನ್ನಾಗಿತ್ತು. ತಿಂಗಳಿಗೆ 2,000 ರೂಪಾಯಿ ನಮಗೆ ಆಗಲಿಲ್ಲ. ಅರಬ್ಬಿ ಕಲಿಸುವ ಆ್ಯಪ್ ಅಕ್ಷರ ಗುರುತಿಸೋದಕ್ಕೆ ಸಾಕು, ತಿದ್ದೋದಕ್ಕೆ ಅಲ್ಲ.

2022ರ ಏಪ್ರಿಲ್ 2ಕ್ಕೆ ಮಹಾರಾಷ್ಟ್ರದಲ್ಲಿ ಕೋವಿಡ್ ನಿರ್ಬಂಧಗಳನ್ನೆಲ್ಲ ತೆಗೆದರು. ಮರುದಿನವೇ ರಂಜಾನಿನ ಮೊದಲ ರೋಜಾ. ಈದ್ ಮುಗಿದ ಮೇಲೆ ಅವಳನ್ನು ಮಕ್ತಬ್‌ಗೆ ಹಾಕಿದೆ. ಅಲ್ಲಿ ಕಲಿಸುವ ಹಜ್ರತ್ ವಯಸ್ಸು ಕೇಳಲಿಲ್ಲ, ಸ್ಕೂಲಲ್ಲಿ ಎಷ್ಟನೇ ಕ್ಲಾಸು ಅಂತಲೂ ಕೇಳಲಿಲ್ಲ. ಎದುರಿಗೆ ಕೂರಿಸಿ ಒಂದು ಪುಟ ಓದಿಸಿದರು. ಆಮೇಲೆ ಕಾಯಿದಾದ ಮೊದಲ ತಖ್ತಿಗೆ (ಪಾಠಕ್ಕೆ) ವಾಪಸ್ ಕಳಿಸಿದರು. ಎಂಟು ವರ್ಷದವಳಿಗೆ ಬೇಜಾರಾಗದೆ ಇರುತ್ತಾ? ಆದರೆ ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯೂ ಅದೇ ತಖ್ತಿ ಓದುತ್ತಿದ್ದಳು. ಎರಡು ವರ್ಷದಲ್ಲಿ ಎಲ್ಲ ಮಕ್ಕಳೂ ಹಿಂದೆ ಬಿದ್ದಿದ್ದವು, ಅಲ್ವಾ? ಅದಕ್ಕೇ ಅವರು ಸಬಕ್ ನೋಡಿ ಗುಂಪು ಮಾಡಿದ್ದರು. ಮುಂದಿರುವ ಮಕ್ಕಳು ಚಿಕ್ಕವರ ಹಳೇ ಸಬಕ್ ಕೇಳುತ್ತಾರೆ, ಹೊಸದನ್ನು ಹಜ್ರತ್ ತಾವೇ ಕೊಡುತ್ತಾರೆ. ಬಾಯಿ ತೆರೆದು ನಾಲಗೆ ಎಲ್ಲಿ ತಾಗಬೇಕು ಅಂತ ತೋರಿಸಿದರು. ಎರಡೇ ವಾರಕ್ಕೆ ಕ್ವಾಫ್ ಬಂತು. ವುಜೂ ಕೂಡ ನಲ್ಲಿಯ ಮುಂದೆ ನಿಂತು ಸರಿಯಾಯಿತು.

ಫೀ 150 ರೂಪಾಯಿ. ಸಾಯಂಕಾಲದ ಅಸರ್ ನಮಾಜಿನಿಂದ ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜಿನವರೆಗೆ ಕ್ಲಾಸು. ನಾನು ಕೆಲಸದಿಂದ ಬರೋದೂ ಅದೇ ಹೊತ್ತಿಗೆ, ಕೈ ಹಿಡಿದು ಕರೆದುಕೊಂಡು ಬರುತ್ತೇನೆ.

ಮಸೀದಿ ದೂರ ಇದ್ದವರಿಗೆ ಫೋನೇ ಗತಿ. ಹಾಗಿದ್ದರೆ ಐದಾರು ಮಕ್ಕಳ ಕ್ಲಾಸು ಹುಡುಕಿ, ಒಳ್ಳೆಯ ಇಯರ್‌ಫೋನ್ ಕೊಡಿಸಿ. ನಾವೂ ಮಳೆ ಜೋರಾದ ದಿನ ಹಜ್ರತ್‌ಗೆ ವಿಡಿಯೋ ಕಾಲ್ ಮಾಡುತ್ತೇವೆ. ಅವತ್ತು ಹಳೇ ಸಬಕ್ ಮಾತ್ರ, ಹೊಸ ಅಕ್ಷರ ಇಲ್ಲ.