ಹಳೆಯ ಬಿಎಸ್4 ಕಾರಿಗೆ ಇ20, 100 ಆಕ್ಟೇನ್, ಎಥನಾಲ್ 100: ಯಾವುದು ಸರಿ?

ಹೋಲಿಕೆಗೆ ಇಟ್ಟುಕೊಂಡಿದ್ದು ಇ10ಕ್ಕೆ (ಶೇ 10 ಎಥನಾಲ್ ಬೆರೆತ ಪೆಟ್ರೋಲ್; ಇ20 ಎಂದರೆ ಶೇ 20) ಟ್ಯೂನ್ ಆದ, ಹಿಂದಿನ ಹೊಗೆ ನಿಯಮದ ಅಂದರೆ ಬಿಎಸ್4ನ 1.2 ಲೀಟರ್ ಕಾರು. ಕಾರಿನ ಅಂಕಿ, ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ನೋಡಿದರೆ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು (+) ಅಥವಾ ಕಡಿಮೆ (−) ಪೆಟ್ರೋಲ್ ಚಿಮ್ಮಿಸುತ್ತಿದೆ ಎಂದು ಗೊತ್ತಾಗುತ್ತದೆ. ಪೆಟ್ರೋಲ್ ಬದಲಿಸಿದ ಕೂಡಲೇ ಈ ಅಂಕಿ ನಂಬಬೇಡಿ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ತುಂಬಿಸಿ, ಸ್ವಲ್ಪ ಓಡಿಸಿ, ಆಮೇಲೆ ನೋಡಿ.

ಇ20ಯಲ್ಲಿ ಟ್ರಿಮ್ ಸುಮಾರು +4ಕ್ಕೆ ನಿಲ್ಲುತ್ತದೆ. ಇಸಿಯುಗೆ ಇದು ಏನೇನೂ ಅಲ್ಲ. ಇ10ಕ್ಕೆ ಹೋಲಿಸಿದರೆ ಲೀಟರಿನಲ್ಲಿರುವ ಶಕ್ತಿಯೇ ಶೇ 3ರಿಂದ 4ರಷ್ಟು ಕಡಿಮೆ, ಹಾಗಾಗಿ ಲೀಟರಿಗೆ 16 ಕೊಡುತ್ತಿದ್ದ ಕಾರು 15.5 ಕೊಡುತ್ತದೆ. ಅದಕ್ಕಿಂತ ಬಹಳ ಇಳಿದರೆ ದೋಷ ಎಥನಾಲ್‌ನದಲ್ಲ. ಪ್ಲಗ್, ಟೈರ್ ಗಾಳಿ, ಹೊಗೆಯಲ್ಲಿನ ಆಮ್ಲಜನಕ ಅಳೆದು ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ನೋಡಿಸಿ. 95 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಇರುವುದರಿಂದ ಘಾಟಿ ಏರುವಾಗ ನಾಕಿಂಗ್, ಅಂದರೆ ಎಂಜಿನ್ನಿನ ಟಕಟಕ ಬಡಿತ, ಮಾತ್ರ ಕಡಿಮೆ.

100 ಆಕ್ಟೇನ್‌ನಲ್ಲಿ ಎಥನಾಲ್ ಇಲ್ಲದ್ದರಿಂದ ಟ್ರಿಮ್ −3ರ ಸುಮಾರಿಗೆ ಇಳಿಯುತ್ತದೆ, ಮೈಲೇಜ್ ಅಷ್ಟೇ ಏರುತ್ತದೆ. ಬೆಲೆ ಮಾತ್ರ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಇಂಥ ಎಂಜಿನ್‌ಗೆ ಆ ಆಕ್ಟೇನ್‌ನಿಂದ ಬಲ ಹೆಚ್ಚುವುದಿಲ್ಲ, ದಿನವೂ ಹಾಕುವುದು ದುಂದುವೆಚ್ಚ. ಇ10 ಬೇಕೇಬೇಕೆಂದರೆ 15 ಲೀಟರ್ ಇ20ಗೆ ಎಥನಾಲ್ ಇಲ್ಲದ 100 ಆಕ್ಟೇನ್ 15 ಲೀಟರ್ ಬೆರೆಸಿದರಾಯಿತು.

ಎಥನಾಲ್ 100, ಅಂದರೆ ಬಹುಪಾಲು ಎಥನಾಲ್ ಆಗಿರುವ ಇಂಧನದ ವಿಷಯವೇ ಬೇರೆ. 2024ರ ಮಾರ್ಚ್‌ನಿಂದ ಕರ್ನಾಟಕವೂ ಸೇರಿ ಆಯ್ದ ರಾಜ್ಯಗಳ ಕೆಲವು ಬಂಕ್‌ಗಳಿಗೆ ಬಂದಿರುವ ಇದು ಪೆಟ್ರೋಲ್, ಎಥನಾಲ್ ಯಾವ ಪ್ರಮಾಣದಲ್ಲಿ ಬೆರೆತರೂ ಓಡುವ ಫ್ಲೆಕ್ಸ್ ಫ್ಯೂಯೆಲ್ ವಾಹನಗಳಿಗೆ ಮಾತ್ರ. ಇ20 ಜತೆ ಅರ್ಧರ್ಧ ಬೆರೆಸಿದರೂ ಟ್ರಿಮ್ +20 ಮುಟ್ಟುತ್ತದೆ, ಗಾಳಿಗೆ ತಕ್ಕಷ್ಟು ಇಂಧನವಿಲ್ಲ (ಮಿಶ್ರಣ ತೆಳು) ಎನ್ನುವ ಪಿ0171 ಕೋಡ್‌ನೊಂದಿಗೆ ಚೆಕ್ ಎಂಜಿನ್ ಲೈಟ್ ಹತ್ತುವ ಅಂಚು ಅದು. ಬರೀ ಅದನ್ನೇ ಹಾಕಿದರೆ ಮಾಮೂಲಿಗಿಂತ ಶೇ 40ಕ್ಕೂ ಹೆಚ್ಚು ಇಂಧನ ಚಿಮ್ಮಿಸಬೇಕಾಗುತ್ತದೆ. ಇಂಜೆಕ್ಟರ್‌ಗೆ ಅಷ್ಟು ತಾಕತ್ತಿಲ್ಲ. ಬೆಳಗಿನ ತಂಪಿನಲ್ಲಿ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಿಡಿದರೂ ಮಿಸ್‌ಫೈರ್. ಅದಕ್ಕಿಂತ ಅಪಾಯ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ: ಆಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳದೆ ತನ್ನ ಕೋಷ್ಟಕದಂತೆ ನಡೆಯುವುದರಿಂದ ಮಿಶ್ರಣ ತೆಳುವಾಗಿಯೇ ಉರಿಯಬಹುದು. ದಯವಿಟ್ಟು ಈ ಪ್ರಯೋಗ ಬೇಡ.

ಬಂಕಿನಲ್ಲಿ ಕೊಟ್ಟದ್ದು ಇ20ಯೇ ಎಂಬ ಅನುಮಾನವಿದ್ದರೆ 100 ಮಿಲಿ ಗಾಜಿನ ಅಳತೆಗೊಳವೆ ಸಾಕು. 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್. ಮುಚ್ಚಿ ಕುಲುಕಿ, ಮುಚ್ಚಳ ಸಡಿಲಿಸಿ ಆವಿ ಬಿಟ್ಟು, 10 ನಿಮಿಷ ಇಡಿ. ಎಥನಾಲ್ ನೀರಿನೊಳಗೆ ಇಳಿದು ಕೆಳಗಿನ ಪದರ 28 ಮಿಲಿ ಹತ್ತಿರ ನಿಂತರೆ, ಏರಿದ 18 ಮಿಲಿ ಎಂದರೆ 90ರಲ್ಲಿ ಶೇ 20. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ.

ಹಳೆಯ ಕಾರಿಗೆ ಇ20ಯಿಂದ ನಿಜವಾದ ಪೆಟ್ಟು ಬೀಳುವುದು ರಬ್ಬರಿಗೆ. ನೈಟ್ರೈಲ್ ರಬ್ಬರಿನ ಪೆಟ್ರೋಲ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಕ್ಲಿಪ್ ಪಕ್ಕದಲ್ಲಿ ಬೆರಳಿನಿಂದ ಒತ್ತಿ ನೋಡಿ. ಅಂಟಂಟು ಎನಿಸಿದರೆ ಅಥವಾ ವಾಸನೆ ಬಂದರೆ ಎಸ್‌ಎಇ ಜೆ30ಆರ್9 ಗುರುತಿನ ಹೋಸ್ ಹಾಕಿಸಿ, ಇಂಜೆಕ್ಟರ್ ಓ ರಿಂಗ್‌ಗಳನ್ನು ಎಥನಾಲ್ ತಾಳುವ ರಬ್ಬರ್ ಆದ ವೈಟಾನ್‌ಗೆ ಬದಲಿಸಿ. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನೂ ಎಬ್ಬಿಸುತ್ತದೆ, ಆದ್ದರಿಂದ ಇ20 ಶುರುವಾದ ಕೆಲವು ಟ್ಯಾಂಕ್ ಬಳಿಕ ಫ್ಯೂಯೆಲ್ ಫಿಲ್ಟರ್ ಬದಲಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಮಾತ್ರ 100 ಆಕ್ಟೇನ್ ಹಣಕ್ಕೆ ತಕ್ಕದ್ದು. ಇ20 ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ತಳಕ್ಕೆ ಕೂರುತ್ತದೆ, ಪಂಪ್ ಎಳೆಯುವುದು ತಳದಿಂದಲೇ. ನಿಲ್ಲಿಸುವ ಮುನ್ನ ಎಥನಾಲ್ ಇಲ್ಲದ್ದನ್ನು ಟ್ಯಾಂಕ್ ಭರ್ತಿ ತುಂಬಿಸಿ, ಅದು ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ರೈಲ್‌ವರೆಗೆ ತಲುಪುವಷ್ಟು ಓಡಿಸಿ ನಿಲ್ಲಿಸಿ.