ಜಂಕ್ ಮೇಲ್ ತಡೆಯಲು: ಪ್ಲಸ್ ವಿಳಾಸವೋ, ಎರಡನೇ ಖಾತೆಯೋ, ಅಲಿಯಾಸೋ?

ಪುಣೆಯಲ್ಲಿ ಫ್ಲಾಟ್ ಹುಡುಕುವವರಿಗೆ ಇದು ಗೊತ್ತಿರುವ ಕಾಟ. ವಾಕಡ್, ಬಾಣೇರ್ ಕಡೆಯ ಯಾವುದೋ ಪ್ರಾಜೆಕ್ಟಿನ ಬ್ರೋಷರ್ ಬೇಕೆಂದರೆ ಮೊದಲು ಇಮೇಲ್ ಕೊಡಬೇಕು. ಒಮ್ಮೆ ಕೊಟ್ಟರೆ ಏಜೆಂಟರು, ಗೃಹಸಾಲದವರು, ಇಂಟೀರಿಯರ್‌ನವರು ಎಲ್ಲರೂ ಬರೆಯತೊಡಗುತ್ತಾರೆ. ಮೂರು ದಾರಿಗಳನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಅಲಿಯಾಸಿಗೆ, ಅಂದರೆ ಬಂದ ಮೇಲನ್ನು ನಿಮ್ಮ ಖಾತೆಗೆ ದಾಟಿಸುವ ಬದಲಿ ವಿಳಾಸಕ್ಕೆ, ಅದರಲ್ಲೂ ಅದನ್ನು ಕೊಡುವ ಸಿಂಪಲ್‌ಲಾಗಿನ್ ಸೇವೆಗೆ.

ಹೆಚ್ಚಿನವರು ಶುರುಮಾಡುವುದು ಜಿಮೇಲಿನ ಪ್ಲಸ್ ವಿಳಾಸದಿಂದ. ವಿಳಾಸದಲ್ಲಿ ನಿಮ್ಮ ಹೆಸರು ಮುಗಿದ ಮೇಲೆ, @ ಚಿಹ್ನೆಗೆ ಮೊದಲು, '+flat' ಎಂದು ಸೇರಿಸಿ ಕೊಟ್ಟರೂ ಮೇಲ್ ನಿಮಗೇ ಬರುತ್ತದೆ. ಹುಡುಕು ಪಟ್ಟಿಯ ಬಲತುದಿಯ ಐಕಾನ್ ಒತ್ತಿ, 'ಟು' ಜಾಗದಲ್ಲಿ ಆ ಪೂರ್ತಿ ವಿಳಾಸ ಬರೆದು, ಇನ್‌ಬಾಕ್ಸ್ ತಪ್ಪಿಸಿ ಲೇಬಲ್ ಹಚ್ಚುವ ಫಿಲ್ಟರ್ ಮಾಡಬೇಕು. ಇದನ್ನು ಕಂಪ್ಯೂಟರಿನಲ್ಲೇ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ.

ತೊಡಕಿರುವುದು ಆ ಪ್ಲಸ್ ಚಿಹ್ನೆಯಲ್ಲೇ. ಎಷ್ಟೋ ಫಾರ್ಮುಗಳು ಅದನ್ನು ತಪ್ಪು ವಿಳಾಸವೆಂದು ತಳ್ಳಿಬಿಡುತ್ತವೆ. ಅದಕ್ಕಿಂತ ಕೆಟ್ಟದ್ದು, ಸೇರುವಾಗ ಒಪ್ಪಿಕೊಂಡು ಬಿಡುವಾಗ ಒಪ್ಪದ ಸೈಟುಗಳು. ಅನ್‌ಸಬ್‌ಸ್ಕ್ರೈಬ್ ಲಿಂಕಿನೊಳಗೆ ನಿಮ್ಮ ವಿಳಾಸ ಇದ್ದರೆ, ವೆಬ್ ವಿಳಾಸದಲ್ಲಿ '?' ಚಿಹ್ನೆಯ ನಂತರ ಬರುವ ಪ್ಲಸ್ಸನ್ನು ಸರ್ವರ್ ಖಾಲಿ ಜಾಗವೆಂದು ಓದುತ್ತದೆ. ಅಂಥ ವಿಳಾಸ ಪಟ್ಟಿಯಲ್ಲಿಲ್ಲ ಎನ್ನುತ್ತದೆ, ಮೇಲ್ ಮಾತ್ರ ಬರುತ್ತಲೇ ಇರುತ್ತದೆ.

ಇದಕ್ಕೆ ಒಂದು ಉಪಾಯವಿದೆ. ಲಿಂಕ್ ಕಾಪಿ ಮಾಡಿ ಬ್ರೌಸರಿನಲ್ಲಿ ಹಾಕಿ, ಎಂಟರ್ ಒತ್ತುವ ಮೊದಲು ಪ್ಲಸ್ ಅಳಿಸಿ ಅಲ್ಲಿ ಶೇಕಡಾ ಚಿಹ್ನೆ, 2, ಇಂಗ್ಲಿಷಿನ ದೊಡ್ಡ ಬಿ, ಈ ಮೂರನ್ನು ಒತ್ತಾಗಿ ಬರೆಯಿರಿ. ಲಿಂಕಿನಲ್ಲಿ ವಿಳಾಸ ಕಣ್ಣಿಗೆ ಕಾಣುವಂತಿದ್ದರೆ ಇದು ನಡೆಯುತ್ತದೆ, ಅಕ್ಷರಗಳ ಗೋಜಲಾಗಿದ್ದರೆ ಇಲ್ಲ. ಆದರೆ ಪಟ್ಟಿ ಮಾರುವವರಿಗೆ ಪ್ಲಸ್ಸಿನಿಂದಾಚೆಯದನ್ನು ಕತ್ತರಿಸಲು ಒಂದು ಗಳಿಗೆ ಸಾಕು. ಕತ್ತರಿಸಿದರೆ ಉಳಿಯುವುದು ನಿಮ್ಮ ಅಸಲಿ ವಿಳಾಸ! ನನಗೆ ಪ್ಲಸ್ ಬೇಡವಾದದ್ದು ಇದೇ ಕಾರಣಕ್ಕೆ.

ಎರಡನೇ ಖಾತೆ ಸರಳ, ಪುಕ್ಕಟೆ. ಆದರೆ ಸ್ವಾರ್‌ಗೇಟಿನಿಂದ ಊರಿಗೆ ಹೋಗುವ ಬಸ್ಸಿನ ಟಿಕೆಟ್ಟೂ ಆ ಕಸದಲ್ಲೇ ಸೇರಿಕೊಳ್ಳುತ್ತದೆ, ದಿನಾ ತೆರೆದು ನೋಡದವರಿಗೆ ಆಗಿಬರುವುದಿಲ್ಲ.

ಸಿಂಪಲ್‌ಲಾಗಿನ್ 2022ರಿಂದ ಪ್ರೋಟಾನ್ ಕಂಪನಿಯ ಕೈಯಲ್ಲಿದೆ. ಪುಕ್ಕಟೆ ಖಾತೆಗೆ 10 ಅಲಿಯಾಸ್. ಪ್ರತಿಯೊಂದೂ ಬೇರೆಯೇ ವಿಳಾಸ, ಬಂದದ್ದನ್ನು ನಿಮ್ಮ ಜಿಮೇಲಿಗೆ ದಾಟಿಸುತ್ತದೆ, ಹಿಂದಿರುವ ಹೆಸರು ಯಾರಿಗೂ ಕಾಣುವುದಿಲ್ಲ. ಕಾಟ ಶುರುವಾದರೆ ಆ ಅಲಿಯಾಸಿನ ಸ್ವಿಚ್ ಆರಿಸಿದರಾಯಿತು, ಕಳಿಸುವವರ ಒಪ್ಪಿಗೆ ಬೇಕಿಲ್ಲ. ಯಾರಿಂದ ಸೋರಿತೆಂಬುದೂ ಅಲಿಯಾಸಿನಿಂದಲೇ ತಿಳಿಯುತ್ತದೆ. ಬಿಲ್ಡರಿಗೊಂದು, ಟಿಕೆಟ್ಟಿಗೊಂದು, ಮಾಲಿನ ವೈಫೈಗೊಂದು, ಹೀಗೆ ಹಂಚಿದರೆ ಹತ್ತು ಧಾರಾಳ.

ಎರಡು ಎಚ್ಚರಿಕೆ. ಉತ್ತರ ಬರೆಯುವಾಗ ನೋಂದಾಯಿಸಿದ ಖಾತೆಯಿಂದಲೇ ಕಳಿಸಿ. ಫೋನಿನಲ್ಲಿ ಆಫೀಸಿನ ಖಾತೆಯೂ ಇದ್ದು, ಅದರಿಂದ ಹೋದರೆ ವಾಪಸು ಬರುತ್ತದೆ. ಅಲಿಯಾಸಿಗೆ ಬಂದ ಕಸವನ್ನು ಜಿಮೇಲಿನಲ್ಲಿ ಸ್ಪ್ಯಾಮ್ ಎಂದು ಗುರುತಿಸಬೇಡಿ. ಕೆಟ್ಟ ಹೆಸರು ದಾಟಿಸಿದ ಸೇವೆಗೂ ತಗಲುತ್ತದೆ, ಮುಂದೆ ಒಳ್ಳೆಯ ಮೇಲೂ ಸ್ಪ್ಯಾಮಿಗೆ ಬೀಳಬಹುದು. ಸ್ವಿಚ್ ಆರಿಸುವುದೇ ಸರಿ.

ಕೆಲವು ಸೈಟುಗಳು ಅಲಿಯಾಸಿನ ಡೊಮೇನನ್ನು ಒಪ್ಪುವುದಿಲ್ಲ, ಅಲ್ಲಿಗೆ ಎರಡನೇ ಖಾತೆಯೇ ಗತಿ. ಇಂಥದ್ದೇ ಸೇವೆಯಾದ ಫೈರ್‌ಫಾಕ್ಸ್ ರಿಲೇ ಪುಕ್ಕಟೆಯಾಗಿ ಐದೇ ಅಲಿಯಾಸ್ ಕೊಡುತ್ತದೆ, ನನಗೆ ಸಾಲದು. ಡಕ್‌ಡಕ್‌ಗೋ ಬೇಕಾದಷ್ಟು ಕೊಡುತ್ತದೆ, ಬ್ರೌಸರಿನಲ್ಲಿ ಅವರ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಲು ಒಪ್ಪುವವರಿಗೆ ಅದೂ ಒಳ್ಳೆಯದು.

ಹಳೆಯ ವಿಳಾಸಕ್ಕೆ ಈಗಾಗಲೇ ಬರುತ್ತಿರುವ ಕಸಕ್ಕೆ ಕಳಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತೋರಿಸುವ ಅನ್‌ಸಬ್‌ಸ್ಕ್ರೈಬ್ ಬಟನ್ ಒತ್ತಿ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರು ಅದನ್ನು ಎರಡು ದಿನದೊಳಗೆ ಪಾಲಿಸಬೇಕೆಂದು 2024ರಿಂದ ಜಿಮೇಲಿನ ನಿಯಮವಿದೆ. ಗುರುತೇ ಇಲ್ಲದವರ ಮೇಲಿನಲ್ಲಿ ಮಾತ್ರ ಯಾವ ಲಿಂಕನ್ನೂ ಮುಟ್ಟಬೇಡಿ.

ಬ್ಯಾಂಕು, ಆಧಾರ್, ಆದಾಯ ತೆರಿಗೆ, ಮಹಾವಿತರಣದ ಕರೆಂಟ್ ಬಿಲ್ಲು ಇವುಗಳಿಗೆ ಅಸಲಿ ವಿಳಾಸವೇ ಇರಲಿ. ನಡುವಿನ ಸೇವೆ ಒಂದು ದಿನ ನಿಂತರೆ ಒಟಿಪಿಯೂ ನಿಲ್ಲುತ್ತದೆ.