ಹೋಮಕ್ಕೆ ಕೂರುವವರು ‘ಆರ್ಟ್ ಸಿಲ್ಕ್’ ಪಂಚೆ ಉಡಬೇಡಿ

ಕಳೆದ ವೈಶಾಖದಲ್ಲಿ ಉಡುಪಿಯ ನಮ್ಮ ಹೊಸ ಮನೆಯ ಗೃಹಪ್ರವೇಶದಂದು, ಗಣಹೋಮದ ಪೂರ್ಣಾಹುತಿಯ ಹೊತ್ತಿಗೆ, ನಾನು ಉಟ್ಟಿದ್ದ ಪಂಚೆ ಕರಗಿ ಬಲತೊಡೆಗೆ ಅಂಟಿಕೊಂಡಿತು. ಸುಟ್ಟಿತು ಎನ್ನದೆ ಕರಗಿತು ಎಂದು ಬರೆಯುವುದಕ್ಕೆ ಕಾರಣವಿದೆ. ಮನೆಯಲ್ಲಿ ಹೋಮ ಇಟ್ಟುಕೊಂಡವರು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅದನ್ನು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಪಂಚೆ-ಶಲ್ಯದ ಜೋಡಿಯನ್ನು ಕೊಂಡದ್ದು ಊರಿನದೇ ಒಂದು ಅಂಗಡಿಯಲ್ಲಿ. ಹೋಮಕ್ಕೆ ಕೂರಲು ಪಟ್ಟೆ ಪಂಚೆ, ಅಂದರೆ ರೇಷ್ಮೆಯದು, ಬೇಕೆಂದು ಸ್ಪಷ್ಟವಾಗಿಯೇ ಕೇಳಿದ್ದೆ. ಅಂಗಡಿಯವರು ಕೆನೆಬಣ್ಣದ, ಅಗಲ ಜರಿಯಂಚಿನ, ಕಚ್ಚೆಯ ನೆರಿಗೆಗಳನ್ನು ಮೊದಲೇ ಹೊಲಿದು ಸೊಂಟಕ್ಕೆ ಇಲಾಸ್ಟಿಕ್ ಹಾಕಿದ್ದ ಸಿದ್ಧ ಪಂಚೆಯೊಂದನ್ನು ಬಿಡಿಸಿ ತೋರಿಸಿ, “ಇದು ಪಟ್ಟೆಯೇ, ಉಡುವುದಕ್ಕೂ ಸುಲಭ” ಎಂದರು. ಬೆಲೆ 850 ರೂಪಾಯಿ. ಶುದ್ಧ ರೇಷ್ಮೆಯ ಜೋಡಿಗೆ ಸಾವಿರಗಳ ಲೆಕ್ಕದಲ್ಲಿ ಕೊಡಬೇಕೆಂದು ಗೊತ್ತಿದ್ದ ನಾನು ಅಲ್ಲಿಯೇ ಅನುಮಾನಿಸಬೇಕಿತ್ತು. ಚೀಟಿಯಲ್ಲಿ ‘ಆರ್ಟ್ ಸಿಲ್ಕ್’ ಎಂದಿದ್ದುದನ್ನು ಕಂಡು ಕಲಾತ್ಮಕವಾಗಿ ನೇಯ್ದ ರೇಷ್ಮೆ ಇರಬೇಕೆಂದು ಭಾವಿಸಿದೆ. ಆ ‘ಆರ್ಟ್’ ಎಂಬುದು ‘ಆರ್ಟಿಫಿಶಿಯಲ್’ ಎಂಬುದರ ಮೊಟಕು ರೂಪ. ಅಂದರೆ ಕೃತಕ ರೇಷ್ಮೆ. ಪಾಲಿಯೆಸ್ಟರ್, ರೇಯಾನ್ ಮೊದಲಾದ ನೂಲಿನ ಬಟ್ಟೆಗಳು ಈ ಹೆಸರಿನಲ್ಲಿ ಮಾರಾಟವಾಗುತ್ತವೆ. ನನ್ನದು ಪಾಲಿಯೆಸ್ಟರ್ ಆಗಿತ್ತು.

ಕಷ್ಟ ಸಂಕಲ್ಪದಿಂದಲೇ ಆರಂಭವಾಯಿತು. ಕರಾವಳಿಯ ಸೆಕೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿಯು ತನ್ನ ತೂಕದ ಸುಮಾರು 8 ಶೇಕಡದಷ್ಟು, ರೇಷ್ಮೆಯು ಸುಮಾರು 11 ಶೇಕಡದಷ್ಟು ತೇವವನ್ನು ಹೀರಿ ಹಿಡಿದುಕೊಳ್ಳಬಲ್ಲದು. ಪಾಲಿಯೆಸ್ಟರ್‌ಗೆ ಅರ್ಧ ಶೇಕಡವೂ ಸಾಧ್ಯವಿಲ್ಲ. ಕುಂಡದ ಮುಂದೆ ಕುಳಿತ ಅರ್ಧ ಗಂಟೆಯೊಳಗೆ ಬೆವರು ಬಟ್ಟೆಗೂ ಮೈಗೂ ನಡುವೆ ನಿಂತು ಪಂಚೆ ತೊಡೆಗೆ ಮೆತ್ತಿಕೊಂಡಿತು. ಚಕ್ಕಳಮಕ್ಕಳ ಹಾಕಿದಾಗ ಇಲಾಸ್ಟಿಕ್ ಹೊಟ್ಟೆಯನ್ನು ಒತ್ತುತ್ತಿತ್ತು. ಆಹುತಿ ಕೊಡಲು ಬಾಗಿದಾಗಲೆಲ್ಲ ನುಣುಪಾದ ಶಲ್ಯ ಹೆಗಲಿನಿಂದ ಜಾರಿ ಬೆಂಕಿಯ ಕಡೆಗೇ ಬೀಳುತ್ತಿತ್ತು. ಎರಡು ಬಾರಿ ಭಟ್ಟರೇ ಕೈಚಾಚಿ ಹಿಡಿದರು. ಆಗಲೇ ಎದ್ದು ಹೋಗಿ ಬದಲಿಸಿಕೊಂಡು ಬರಬೇಕಿತ್ತು. ನಡುವೆ ಎದ್ದರೆ ಕರ್ಮಕ್ಕೆ ಲೋಪವಾದೀತೆಂದು ಸುಮ್ಮನಿದ್ದೆ.

ಪೂರ್ಣಾಹುತಿಯ ತುಪ್ಪಕ್ಕೆ ಜ್ವಾಲೆ ಎದ್ದಾಗ ಕಟ್ಟಿಗೆಯ ಸಣ್ಣ ಕೆಂಡವೊಂದು ಸಿಡಿದು ತೊಡೆಯ ಮೇಲೆ ಬಿತ್ತು. ಹತ್ತಿಯಾಗಿದ್ದರೆ ತೂತು ಬೀಳುತ್ತಿತ್ತು, ಕೊಡವಿಕೊಳ್ಳಲು ಕ್ಷಣವಾದರೂ ಸಿಗುತ್ತಿತ್ತು. ಪಾಲಿಯೆಸ್ಟರ್ 250–260 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಕೆಂಡದ ಶಾಖ ಅದರ ಎರಡು ಪಟ್ಟಿಗೂ ಹೆಚ್ಚು. ಬಟ್ಟೆ ಮುದುಡಿ, ಕಪ್ಪಾಗಿ, ಬಿಸಿ ಅರಗಿನಂತೆ ಚರ್ಮಕ್ಕೆ ಹಿಡಿಯಿತು. ಗಾಬರಿಯಲ್ಲಿ ಭಾವ ಅದನ್ನು ಎಳೆದು ತೆಗೆದರು, ಜೊತೆಗೆ ಚರ್ಮವೂ ಬಂತು. ಇನ್ನೊಬ್ಬರು ತುಪ್ಪ ಸವರಿದರು. ಅವೆರಡೂ ತಪ್ಪೆಂದು ಆಮೇಲೆ ವೈದ್ಯರು ತಿಳಿಸಿದರು: ಅಂಟಿದ ಬಟ್ಟೆಯನ್ನು ಕೀಳದೆ, ಏನನ್ನೂ ಹಚ್ಚದೆ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಆಸ್ಪತ್ರೆಗೆ ಬರಬೇಕಿತ್ತು. ಮೂರು ವಾರ ನನಗೆ ನೆಲದ ಮೇಲೆ ಕೂರಲಾಗಲಿಲ್ಲ.

ಅದೇ ಕುಂಡದ ಮುಂದೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮಡದಿ ತನ್ನ ಅಮ್ಮನ ಹಳೆಯ ಉಡುಪಿ ಸೀರೆ ಉಟ್ಟಿದ್ದಳು. ಕೈಮಗ್ಗದ ತೆಳು ಹತ್ತಿ, ಹಲವು ಸಲ ಒಗೆದು ಮೆತ್ತಗಾದದ್ದು. ಸೆಕೆಯ ಬಗ್ಗೆ ಆಕೆ ಒಮ್ಮೆಯೂ ದೂರಲಿಲ್ಲ. ಈ ಸೀರೆಯನ್ನು ದಕ್ಷಿಣ ಕನ್ನಡದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಇಂದಿಗೂ ನೇಯುತ್ತಾರೆ ಎಂಬುದನ್ನು, ಜರಿ ಸೀರೆಯೇ ಬೇಕೆಂದು ಹಟ ಹಿಡಿಯುವ ಮನೆಯವರಿಗೆ ಹೇಳಬೇಕೆನಿಸುತ್ತದೆ.

ರೇಷ್ಮೆಯನ್ನೇ ಉಡುವ ಸಂಪ್ರದಾಯವಿದ್ದವರು ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳಿ. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದ ಆ ಗುರುತು 2004ರಿಂದ ಇದೆ. ಮನೆಯಲ್ಲಿ ಈಗಾಗಲೇ ಇರುವ ಬಟ್ಟೆಯ ಬಗ್ಗೆ ಸಂಶಯವಿದ್ದರೆ ಅಂಚಿನಿಂದ ಎರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಉರಿಸಿ ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ ಎಂಬುದನ್ನು ಮರೆಯದೆ ಶಲ್ಯವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳಿ, ನೈಲಾನ್ ನೆಟ್ಟಿನ ಲಂಗ ತೊಟ್ಟ ಮಕ್ಕಳನ್ನು ಕುಂಡದ ಹತ್ತಿರ ಬಿಡಬೇಡಿ.

ನಾನು ಈಗ ಎಂಟು ಮೊಳದ ಹತ್ತಿ ಪಂಚೆಯೊಂದನ್ನು ಕೊಂಡು, ಗಂಜಿ ಹೋಗುವವರೆಗೆ ಎರಡು ಬಾರಿ ಒಗೆದು, ಕಚ್ಚೆ ಹಾಕುವುದನ್ನು ಭಾವನಿಂದ ಕಲಿತಿದ್ದೇನೆ. ಮೊದಲ ದಿನ ಹತ್ತು ನಿಮಿಷ ಹಿಡಿಯಿತು. ಈಗ ಎರಡು ನಿಮಿಷ ಸಾಕು.